ಪರದೇಶಿ ಮಕ್ಕಳು, ಪರದೇಶದ ಪೋಷಕರು

ಕನ್ನಡದಲ್ಲಿ 'ಪರದೇಶಿ' ಎಂಬ ಮಾತಿಗೆ ಎರಡು ಅರ್ಥಗಳಿವೆ. ಹೊರದೇಶದಿಂದ ಬಂದವನು ಎಂಬುದು ಒಂದು. ಹೇಳುವವರು ಕೇಳುವವರು ಇಲ್ಲದವನು, ದಿಕ್ಕಿಲ್ಲದವನು ಎಂಬುದು ಇನ್ನೊಂದು. ತಂದೆ ತಾಯಿಯನ್ನು ಕಳೆದುಕೊಂಡ ಕೂಸನ್ನು ಕಂಡು 'ಪಾಪ, ಪರದೇಶಿ ಮಗು' ಎಂದು ಮರುಗುವುದು ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುವ ಮಾತು. ಈ ಎರಡೂ ಅರ್ಥದ ಪರದೇಶಿಗಳು ಒಂದೇ ಸೂರಿನಡಿ ಸೇರಿದ ಕಾಲವೊಂದು ಹಿಂದಿನ ಕೋಲಾರ ಜಿಲ್ಲೆಯ ಚರಿತ್ರೆಯಲ್ಲಿದೆ. ಇಂದಿನ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳೂ ಆ ಚರಿತ್ರೆಯ ಭಾಗವೇ.

ಯುರೋಪು, ಅಮೆರಿಕ, ಆಸ್ಟ್ರೇಲಿಯಾಗಳ ಯುವಕ ಯುವತಿಯರು ಏಷ್ಯಾ ಮತ್ತು ಆಫ್ರಿಕಾದ ಅನಾಥಾಲಯಗಳಿಗೆ ಬಂದು ಕೆಲವು ವಾರ ಸೇವೆ ಮಾಡಿ ಹೋಗುವುದು ಕಳೆದ ಮೂರು ದಶಕಗಳಲ್ಲಿ ದೊಡ್ಡ ಪರಿಪಾಠವಾಗಿ ಬೆಳೆಯಿತು. ಈಚಿನ ವರ್ಷಗಳಲ್ಲಿ ಇದರ ಬಗ್ಗೆ ಜಗತ್ತಿನಾದ್ಯಂತ ಆಕ್ಷೇಪಗಳು ಎದ್ದಿವೆ. ಹೊರಗಿನಿಂದ ಬಂದವರ ಕನಿಕರದಿಂದ ಮಗುವಿಗೆ ಒಳಿತಾಗುತ್ತದೆಯೆ, ಮಗುವಿನ ಮೇಲೆ ಹಕ್ಕು ಯಾರದು ಎಂಬ ಪ್ರಶ್ನೆಗಳು ಕೇಳಿಬರುತ್ತಿವೆ. ಈ ಪ್ರಶ್ನೆಗಳು ಹೊಸವಲ್ಲ. ಸುಮಾರು ನೂರೈವತ್ತು ವರ್ಷಗಳ ಹಿಂದೆ, ಮೈಸೂರು ಸಂಸ್ಥಾನವನ್ನು ಅಲುಗಾಡಿಸಿದ ಮಹಾ ಬರದ ಕಾಲದಲ್ಲೇ ಅವು ಹುಟ್ಟಿಕೊಂಡಿದ್ದವು.

ಧಾತು, ಈಶ್ವರ

1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಕಾಡಿದ ಈ ಬರವನ್ನು ಜನ ಇಸವಿಯಿಂದ ನೆನಪಿಡಲಿಲ್ಲ, ಸಂವತ್ಸರದಿಂದ ನೆನಪಿಟ್ಟರು. ಧಾತು ಸಂವತ್ಸರದಲ್ಲಿ ಮಳೆ ಕೈಕೊಟ್ಟಿತು. ಈಶ್ವರ ಸಂವತ್ಸರದಲ್ಲಿ ಸಾವು ಮಿತಿಮೀರಿತು. ಆದ್ದರಿಂದಲೇ ಅದು 'ಧಾತು ಈಶ್ವರದ ಬರ'. ತೆಲುಗು ಮಾತನಾಡುವ ಗಡಿಯ ಹಳ್ಳಿಗಳಲ್ಲಿ ಅದು 'ಧಾತು ಕರವು'.

ಬಯಲುಸೀಮೆಯ ಈ ಮೂಲೆಗೆ ಬರ ಬಲವಾಗಿ ತಟ್ಟಲು ಭೂಗೋಳವೇ ಕಾರಣ. ನಂದಿ ಬೆಟ್ಟಗಳ ಸಾಲಿನಲ್ಲಿ ಹಲವು ನದಿಗಳು ಹುಟ್ಟುತ್ತವೆ. ಗೌರಿಬಿದನೂರಿನ ಕಡೆ ಹರಿಯುವ ಉತ್ತರ ಪಿನಾಕಿನಿ, ದಕ್ಷಿಣಕ್ಕೆ ತಿರುಗುವ ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಘ್ನಿ ಇವೆಲ್ಲ ಇಲ್ಲಿಯವೇ. ಆದರೆ ಒಂದಾದರೂ ವರ್ಷವಿಡೀ ಹರಿಯುವ ನದಿಯಲ್ಲ. ಬೇಸಾಯ ನಿಂತಿದ್ದು ಕೆರೆಗಳ ಮೇಲೆ, ಕೆರೆಗಳು ನಿಂತಿದ್ದು ಮಳೆಯ ಮೇಲೆ. ಮಳೆ ಹೋದರೆ ಗದ್ದೆಯೂ ಹೋಯಿತು, ಹೊಲದ ರಾಗಿಯೂ ಹೋಯಿತು.

ಹೊರಗಿನಿಂದ ಧಾನ್ಯ ತರಿಸುವುದೂ ಸುಲಭವಿರಲಿಲ್ಲ. ಮದರಾಸಿನ ಕಡೆಯಿಂದ ರೈಲು ಬೆಂಗಳೂರು ದಂಡು ಪ್ರದೇಶಕ್ಕೆ 1864ರಲ್ಲೇ ಬಂದಿತ್ತು. ಆದರೆ ಅಲ್ಲಿಂದ ಉತ್ತರಕ್ಕೆ ಹಳಿ ಇರಲಿಲ್ಲ. ಗೌರಿಬಿದನೂರು ರೈಲು ಕಂಡಿದ್ದು 1890ರ ದಶಕದಲ್ಲಿ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳಿಗೆ ಕಿರು ಹಳಿಯ ರೈಲು ಬಂದಿದ್ದು 1910ರ ದಶಕದಲ್ಲಿ. ಬರದ ವರ್ಷಗಳಲ್ಲಿ ಮೂಟೆಗಳು ಎತ್ತಿನ ಗಾಡಿಯಲ್ಲೇ ಸಾಗಬೇಕಿತ್ತು. ಮೇವು ನೀರು ಇಲ್ಲದೆ ಎತ್ತುಗಳೇ ಸಾಯುತ್ತಿದ್ದಾಗ ಗಾಡಿ ಎಳೆಯುವವರು ಯಾರು?

ಆಗ ಮೈಸೂರಿನಲ್ಲಿ ಅರಸರ ಆಳ್ವಿಕೆ ಇರಲಿಲ್ಲ. 1831ರಿಂದ 1881ರವರೆಗೆ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು. ಕೋಲಾರ ಜಿಲ್ಲೆ ನಂದಿದುರ್ಗ ವಿಭಾಗಕ್ಕೆ ಸೇರಿತ್ತು. ಸರಕಾರ ಗಂಜಿ ಕೇಂದ್ರಗಳನ್ನು ತೆರೆಯಿತು, ಪರಿಹಾರ ಕಾಮಗಾರಿಗಳನ್ನು ನಡೆಸಿತು. 1877ರಲ್ಲಿ ವೈಸರಾಯ್ ಲಾರ್ಡ್ ಲಿಟ್ಟನ್ ಸ್ವತಃ ದಕ್ಷಿಣಕ್ಕೆ ಬಂದು ನೋಡಿದ ಮೇಲೆ ವ್ಯವಸ್ಥೆ ಬದಲಾಯಿತು. ಸಿ. ಎ. ಎಲಿಯಟ್ ಎಂಬ ಅಧಿಕಾರಿಯನ್ನು ಮೈಸೂರಿನ ಬರ ಪರಿಹಾರದ ಮುಖ್ಯಸ್ಥನನ್ನಾಗಿ ನೇಮಿಸಲಾಯಿತು. ಅಷ್ಟು ಹೊತ್ತಿಗೆ ಬಹಳ ತಡವಾಗಿತ್ತು.

ಜನಗಣತಿಯ ಅಂಕಿಗಳು ಕಥೆಯನ್ನು ಚುಟುಕಾಗಿ ಹೇಳುತ್ತವೆ. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷಗಳ ನಂತರ, 1881ರಲ್ಲಿ, ಅದು 41,86,188. ಬೆಳೆಯಬೇಕಾಗಿದ್ದ ಜನಸಂಖ್ಯೆ ಎಂಟೂವರೆ ಲಕ್ಷಕ್ಕೂ ಹೆಚ್ಚು ಇಳಿದಿತ್ತು. ಹಸಿವಿನಿಂದ ಸತ್ತವರಿಗಿಂತ ಹಸಿದ ಮೈಗೆ ತಗಲಿದ ಕಾಲರಾ, ಸಿಡುಬು, ಭೇದಿ, ಜ್ವರಗಳಿಂದ ಸತ್ತವರೇ ಹೆಚ್ಚು.

ಗಂಜಿ ಮನೆಯಿಂದ ಅನಾಥಾಲಯಕ್ಕೆ

ಬರ ಎಲ್ಲರನ್ನೂ ಒಂದೇ ಸಮನಾಗಿ ಕೊಲ್ಲುವುದಿಲ್ಲ. ಊರು ಬಿಟ್ಟು ಹೊರಟ ಕುಟುಂಬಗಳಲ್ಲಿ ಗಂಡಸರು ಕೂಲಿ ಹುಡುಕಿಕೊಂಡು ಮುಂದೆ ಹೋಗುತ್ತಿದ್ದರು. ಹಿಂದೆ ಉಳಿದ ತಾಯಿ ತನ್ನ ಪಾಲನ್ನು ಮಗುವಿಗೆ ಕೊಟ್ಟು ತಾನು ಸೊರಗುತ್ತಿದ್ದಳು. ದಾರಿಯಲ್ಲಿ ಹೆತ್ತವರು ಸತ್ತರೆ ಮಗು ಯಾವುದೋ ಗಂಜಿ ಮನೆಯ ಮುಂದೆ ಒಂಟಿಯಾಗಿ ನಿಲ್ಲುತ್ತಿತ್ತು. ಊರ ಹೆಸರು ಹೇಳಲು ಬಾರದ ವಯಸ್ಸಿನ ಮಕ್ಕಳೂ ಇದ್ದರು.

ಮಾಮೂಲಿ ಕಾಲದಲ್ಲಿ ಇಂತಹ ಮಕ್ಕಳಿಗೆ ಅಜ್ಜಿ, ಸೋದರಮಾವ, ಚಿಕ್ಕಪ್ಪ, ದೊಡ್ಡಮ್ಮ ಎಂದು ಒಂದಲ್ಲ ಒಂದು ಮನೆ ಇರುತ್ತಿತ್ತು. ಹಳ್ಳಿಯ ಸಮಾಜದಲ್ಲಿ ಅನಾಥಾಲಯ ಎಂಬ ಸಂಸ್ಥೆಯ ಅಗತ್ಯವೇ ಅಷ್ಟಾಗಿ ಕಂಡಿರಲಿಲ್ಲ. ಧಾತು ಈಶ್ವರದ ಬರ ಆ ಬಂಧುಬಳಗದ ಆಸರೆಯನ್ನೇ ಮುರಿಯಿತು. ಸೋದರಮಾವನ ಮನೆಯಲ್ಲೂ ಒಲೆ ಹೊತ್ತುತ್ತಿರಲಿಲ್ಲ.

ಈ ತೆರವನ್ನು ತುಂಬಿದವರು ಹೆಚ್ಚಾಗಿ ಕ್ರೈಸ್ತ ಮಿಷನರಿಗಳು. ಇದಕ್ಕೆ ಕಾರಣಗಳಿದ್ದವು. ಅವರಿಗೆ ಆಗಲೇ ಶಾಲೆ, ಬಂಗಲೆ, ಆವರಣಗಳಿದ್ದವು. ಹೊರದೇಶದಿಂದ ಹಣ ತರಿಸುವ ದಾರಿ ಗೊತ್ತಿತ್ತು. ಲಂಡನ್ನಿನ ಮೇಯರ್ ಅವರ ನೇತೃತ್ವದಲ್ಲಿ 1877ರಲ್ಲಿ 'ಮ್ಯಾನ್ಷನ್ ಹೌಸ್ ನಿಧಿ' ಆರಂಭವಾಗಿ ದಕ್ಷಿಣ ಭಾರತದ ಬರಕ್ಕಾಗಿ ಲಕ್ಷಾಂತರ ಪೌಂಡು ಸಂಗ್ರಹವಾಯಿತು. ಅನಾಥ ಮಕ್ಕಳ ಪೋಷಣೆಯೂ ಆ ನಿಧಿಯ ಉದ್ದೇಶಗಳಲ್ಲಿ ಒಂದಾಗಿತ್ತು. ವೆಸ್ಲಿಯನ್ ಮಿಷನ್ ತುಮಕೂರಿನಲ್ಲಿ ಹುಡುಗರಿಗೆ, ಹಾಸನದಲ್ಲಿ ಹುಡುಗಿಯರಿಗೆ ಅನಾಥಾಲಯ ನಡೆಸಿತು. ಕೆಥೊಲಿಕ್ ಪಾದ್ರಿಗಳು ಮತ್ತು ಸನ್ಯಾಸಿನಿಯರು ಬೆಂಗಳೂರಿನಲ್ಲಿ ಮಕ್ಕಳನ್ನು ಸೇರಿಸಿಕೊಂಡರು. ಕೋಲಾರದಲ್ಲಿ ಈ ಕೆಲಸ ಕೈಗೆತ್ತಿಕೊಂಡದ್ದು ಯಾವ ದೊಡ್ಡ ಸಂಘವೂ ಅಲ್ಲ, ಒಬ್ಬ ಅವಿವಾಹಿತ ಇಂಗ್ಲಿಷ್ ಮಹಿಳೆ.

ಕೋಲಾರದ ಮಿಸ್ ಆನ್‌ಸ್ಟಿ

ಆಕೆಯ ಹೆಸರು ಮಿಸ್ ಆನ್‌ಸ್ಟಿ. ಲಂಡನ್ ಮಿಷನ್ನಿನ ಮೂಲಕ ಬೆಂಗಳೂರಿಗೆ ಬಂದ ಆಕೆ ಮುಂದೆ ಅದರಿಂದ ಹೊರಬಂದು ಕೋಲಾರದಲ್ಲಿ ಸ್ವತಂತ್ರವಾಗಿ ಕೆಲಸ ಮಾಡಿದರು. ಬರ ಬಂದಾಗ ಜಿಲ್ಲೆಯ ಅನಾಥ ಮಕ್ಕಳು ನೂರಾರು ಸಂಖ್ಯೆಯಲ್ಲಿ ಅವರ ಆಸರೆಗೆ ಬಂದರು. ಬೆನ್ನ ಹಿಂದೆ ಸಂಘದ ಸಂಬಳ ಇಲ್ಲದಿದ್ದರಿಂದ ದಾನಿಗಳ ಹಣವನ್ನೇ ನಂಬಿ ನಡೆಯಬೇಕಿತ್ತು.

ಆ ಕಾಲದಲ್ಲಿ ಒಬ್ಬಂಟಿ ಹೆಣ್ಣೊಬ್ಬಳು ಇಂತಹ ಸಾಹಸಕ್ಕೆ ಇಳಿದದ್ದು ಸಣ್ಣ ಸಂಗತಿಯಲ್ಲ. ಮಿಷನರಿ ಸಂಘಗಳು ಅದುವರೆಗೆ ಹೆಚ್ಚಾಗಿ ಗಂಡಸರನ್ನೇ ಕಳುಹಿಸುತ್ತಿದ್ದವು. ಹೆಂಡತಿಯರು ಗಂಡಂದಿರ ಜೊತೆ ಬಂದು ಹೆಣ್ಣುಮಕ್ಕಳ ಶಾಲೆ ನೋಡಿಕೊಳ್ಳುತ್ತಿದ್ದರು. ಅವಿವಾಹಿತ ಮಹಿಳೆಯರನ್ನು ವ್ಯವಸ್ಥಿತವಾಗಿ ಆರಿಸಿ ಕಳುಹಿಸಲು ಲಂಡನ್ ಮಿಷನ್ ಮಹಿಳಾ ಸಮಿತಿಯೊಂದನ್ನು ರಚಿಸಿದ್ದು 1875ರಲ್ಲಿ, ಅಂದರೆ ಬರಕ್ಕೆ ಒಂದು ವರ್ಷ ಮುಂಚೆ. ತಮ್ಮ ದೇಶದಲ್ಲಿ ವೈದ್ಯೆಯಾಗಲು, ಅಧಿಕಾರಿಯಾಗಲು ಅವಕಾಶ ಕಡಿಮೆಯಿದ್ದ ಕಾಲದಲ್ಲಿ ಪರದೇಶದ ಸೇವೆ ಅನೇಕ ಯುರೋಪಿಯನ್ ಹೆಣ್ಣುಮಕ್ಕಳಿಗೆ ಸ್ವತಂತ್ರ ಬದುಕಿನ ಬಾಗಿಲಾಗಿತ್ತು. ಸೇವೆ ಮಾಡುವವರಿಗೂ ಸೇವೆಯಿಂದ ಏನೋ ಸಿಗುತ್ತದೆ ಎಂಬ ಮಾತು ಅಂದಿಗೂ ನಿಜ, ಇಂದಿಗೂ ನಿಜ.

ಮಕ್ಕಳ ಸಂಖ್ಯೆ ದೊಡ್ಡದಾಗಿ, ಅವರು ಬೆಳೆದಂತೆ ಹೊಸ ಸಮಸ್ಯೆಗಳು ಎದುರಾದವು. ಹುಡುಗರಿಗೆ ಕಸುಬು ಬೇಕು. ಹುಡುಗಿಯರಿಗೆ ಮದುವೆಯಾಗಬೇಕು. ಜಾತಿ ಗೊತ್ತಿಲ್ಲದ, ಬಂಧುಗಳಿಲ್ಲದ ಮಕ್ಕಳನ್ನು ಊರಿನ ಯಾವ ಕೇರಿಯೂ ಸೇರಿಸಿಕೊಳ್ಳುತ್ತಿರಲಿಲ್ಲ. ಹೀಗಾಗಿ ಅನಾಥಾಲಯದ ಜೊತೆಗೆ ಕೈಗಾರಿಕಾ ಶಾಲೆ, ಜಮೀನು, ಅನಾಥಾಲಯದಲ್ಲೇ ಬೆಳೆದವರ ನಡುವೆ ಮದುವೆ, ಅವರದೇ ಮನೆಗಳು ಎಂದು ಒಂದು ಪುಟ್ಟ ಸಮುದಾಯವೇ ರೂಪುಗೊಂಡಿತು. 1890ರಲ್ಲಿ ಮಿಸ್ ಆನ್‌ಸ್ಟಿ ಈ ಸಂಸ್ಥೆಯನ್ನು ಅಮೆರಿಕದ ಮೆಥೊಡಿಸ್ಟ್ ಎಪಿಸ್ಕೋಪಲ್ ಮಿಷನ್ನಿಗೆ ವಹಿಸಿಕೊಟ್ಟರು. ಕೋಲಾರದ ಮೆಥೊಡಿಸ್ಟ್ ಶಾಲೆಗಳು, 1910ರ ಸುಮಾರಿಗೆ ಆರಂಭವಾದ ಎಲನ್ ಥೋಬರ್ನ್ ಕೋವನ್ ಸ್ಮಾರಕ ಆಸ್ಪತ್ರೆ ಮುಂತಾದವು ಈ ಬುನಾದಿಯ ಮೇಲೆ ಬೆಳೆದವು. ಕೋಲಾರದ ಜನರಿಗೆ ಅದು ಇ.ಟಿ.ಸಿ.ಎಂ. ಆಸ್ಪತ್ರೆ ಎಂದೇ ಪರಿಚಿತ.

ಜಿಲ್ಲೆಯ ಉತ್ತರ ಭಾಗದಲ್ಲಿ ಲಂಡನ್ ಮಿಷನ್ ಕೆಲಸ ಮಾಡಿತು. ಚಿಕ್ಕಬಳ್ಳಾಪುರ ಅದರ ಕೇಂದ್ರವಾಯಿತು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಅಲ್ಲಿ ವಾರ್ಡ್‌ಲಾ ಥಾಂಪ್ಸನ್ ಸ್ಮಾರಕ ಆಸ್ಪತ್ರೆ ತಲೆ ಎತ್ತಿತು. ಲಂಡನ್ ಮಿಷನ್ನಿನ ವಿದೇಶಾಂಗ ಕಾರ್ಯದರ್ಶಿಯಾಗಿದ್ದವರ ಹೆಸರು ಅದಕ್ಕೆ ಇಡಲಾಯಿತು. ಮುಂದೆ ಅದು ಸಿ.ಎಸ್.ಐ. ಆಸ್ಪತ್ರೆ ಎಂದು ಹೆಸರಾಯಿತು.

ಮಗು ಯಾರದು?

ಅನಾಥಾಲಯಗಳು ಸಾವಿರಾರು ಜೀವ ಉಳಿಸಿದವು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಉಳಿದ ಜೀವ ಯಾರದಾಯಿತು ಎಂಬ ಪ್ರಶ್ನೆ ಬರ ಇಳಿದ ಕೂಡಲೇ ಎದ್ದಿತು. ಮಕ್ಕಳಿಗೆ ಹೊಸ ಹೆಸರು ಬಂತು, ಹೊಸ ಧರ್ಮ ಬಂತು. ತಮ್ಮ ಊರು, ಕುಲ, ದೇವರು ಯಾವುದೆಂದು ಮುಂದೆ ಅವರಿಗೆ ತಿಳಿಯುವ ದಾರಿ ಉಳಿಯಲಿಲ್ಲ. ಮಿಷನರಿಗಳಿಗೆ ಇದು ತಪ್ಪೆಂದು ಅನಿಸಲಿಲ್ಲ. ಮಗುವಿನ ದೇಹದ ಜೊತೆ ಆತ್ಮವನ್ನೂ ಉಳಿಸುತ್ತಿದ್ದೇವೆ ಎಂಬುದು ಅವರ ಪ್ರಾಮಾಣಿಕ ನಂಬಿಕೆಯಾಗಿತ್ತು. ಊರಿನವರಿಗೆ ಅದು ಅಸಹಾಯಕತೆಯ ಲಾಭ ಪಡೆದಂತೆ ಕಂಡಿತು. ಆದರೆ ಆ ಊರಿನವರೇ ಹಸಿದ ಮಗುವನ್ನು, ಅದರಲ್ಲೂ ಕೆಳಜಾತಿಯ ಮಗುವನ್ನು, ಒಳಗೆ ಕರೆದುಕೊಳ್ಳಲು ಮುಂದಾಗಿರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ.

'ಅನಾಥ' ಎಂಬ ಪದವೂ ಸಡಿಲವಾಗಿತ್ತು. ತಂದೆ ಸತ್ತು ತಾಯಿ ಬದುಕಿರುವ ಮಗು, ಕೂಲಿಗೆ ಹೋದ ತಂದೆ ತಿರುಗಿ ಬಾರದ ಮಗು, ಹೊಟ್ಟೆಗಿಲ್ಲದೆ ಹೆತ್ತವರೇ ಬಿಟ್ಟುಹೋದ ಮಗು, ಎಲ್ಲರನ್ನೂ ಅದೇ ಹೆಸರಿನಲ್ಲಿ ಸೇರಿಸಲಾಗುತ್ತಿತ್ತು. ಬಡತನಕ್ಕೂ ಅನಾಥತನಕ್ಕೂ ಇರುವ ವ್ಯತ್ಯಾಸ ಅಲ್ಲಿ ಅಳಿಸಿಹೋಗಿತ್ತು. ಈ ಗೊಂದಲ ಮುಂದಿನ ನೂರೈವತ್ತು ವರ್ಷವೂ ಉಳಿದುಕೊಂಡಿತು.

ಬರದ ಅನುಭವದಿಂದ ಸರಕಾರ ಪಾಠ ಕಲಿಯಿತು. 1880ರ ಬರ ಆಯೋಗದ ವರದಿಯ ನಂತರ ಬ್ರಿಟಿಷ್ ಭಾರತದಲ್ಲಿ 'ಬರ ಸಂಹಿತೆ'ಗಳು ರೂಪುಗೊಂಡವು. ಅನಾಥ ಮಕ್ಕಳನ್ನು ಮೊದಲು ಬಂಧುಗಳಿಗೆ ಅಥವಾ ಅದೇ ಧರ್ಮದವರಿಗೆ ಒಪ್ಪಿಸಲು ಯತ್ನಿಸಬೇಕು ಎಂಬ ತತ್ತ್ವ ಕ್ರಮೇಣ ಅಂಗೀಕಾರವಾಯಿತು. 1897 ಮತ್ತು 1900ರ ಬರಗಳಲ್ಲಿ ಉತ್ತರ ಭಾರತದ ಆರ್ಯ ಸಮಾಜ ಲಾಲಾ ಲಜಪತ ರಾಯ್ ಅವರ ಮುಂದಾಳತ್ವದಲ್ಲಿ ಹಿಂದೂ ಅನಾಥ ಮಕ್ಕಳ ರಕ್ಷಣೆಗೆ ಇಳಿಯಿತು. ಮೈಸೂರಿನಲ್ಲಿ 'ತಾತಯ್ಯ' ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಅನಾಥಾಲಯವನ್ನು ಬೆಳೆಸಿದರು. ಬೆಂಗಳೂರಿನಲ್ಲಿ 1905ರಲ್ಲಿ ಅಬಲಾಶ್ರಮ ಹುಟ್ಟಿತು. ಮಠಗಳು ಮತ್ತು ಜಾತಿ ಸಂಘಗಳು ಬಡ ವಿದ್ಯಾರ್ಥಿಗಳಿಗೆ ಉಚಿತ ಊಟ ವಸತಿಯ ನಿಲಯಗಳನ್ನು ತೆರೆದವು. ಮಿಷನರಿಗಳ ಮಾದರಿ ನಾಡಿನವರ ಕಣ್ಣು ತೆರೆಸಿತು, ಅವರ ಮೇಲಿನ ಸಿಟ್ಟು ನಾಡಿನವರನ್ನು ಕೆಲಸಕ್ಕೆ ಹಚ್ಚಿತು.

'ವಾಲಂಟಿಯರ್' ಎಂಬ ಪದ

ಪರದೇಶಕ್ಕೆ ಹೋಗುವ ಯುವಜನರನ್ನು 'ವಾಲಂಟಿಯರ್' ಎಂದು ಕರೆಯುವ ರೂಢಿಗೂ ಮಿಷನ್ನಿನ ನಂಟಿದೆ. 1886ರಲ್ಲಿ ಅಮೆರಿಕದ ಮೌಂಟ್ ಹರ್ಮನ್ ಎಂಬಲ್ಲಿ ಸೇರಿದ ಕಾಲೇಜು ವಿದ್ಯಾರ್ಥಿಗಳ ಶಿಬಿರದಲ್ಲಿ ನೂರು ಮಂದಿ ವಿದೇಶಿ ಮಿಷನ್ ಸೇವೆಗೆ ಹೆಸರು ಕೊಟ್ಟರು. ಅಲ್ಲಿಂದ ಆರಂಭವಾದ 'ಸ್ಟೂಡೆಂಟ್ ವಾಲಂಟಿಯರ್' ಚಳವಳಿ ಮುಂದಿನ ದಶಕಗಳಲ್ಲಿ ಸಾವಿರಾರು ಪದವೀಧರರನ್ನು ಏಷ್ಯಾ, ಆಫ್ರಿಕಾಗಳಿಗೆ ಕಳುಹಿಸಿತು.

ಇಪ್ಪತ್ತನೆಯ ಶತಮಾನದಲ್ಲಿ ಸೇವೆ ಧರ್ಮಪ್ರಚಾರದಿಂದ ಬೇರೆಯಾಗತೊಡಗಿತು. 1934ರ ಬಿಹಾರ ಭೂಕಂಪದ ನಂತರ ಸ್ವಿಟ್ಜರ್ಲೆಂಡಿನ ಪಿಯರ್ ಸೆರೆಸೋಲ್ ತಮ್ಮ ಶಾಂತಿ ಸ್ವಯಂಸೇವಕರೊಡನೆ ಬಂದು ಹಳ್ಳಿಗಳನ್ನು ಮತ್ತೆ ಕಟ್ಟಲು ಮಣ್ಣು ಹೊತ್ತರು. 1958ರಲ್ಲಿ ಬ್ರಿಟನ್ನಿನಲ್ಲಿ ವಿ.ಎಸ್.ಒ. ಎಂಬ ಸಂಸ್ಥೆ ಹುಟ್ಟಿತು. 1961ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ 'ಪೀಸ್ ಕೋರ್' ಆರಂಭಿಸಿದರು. ಅದೇ ವರ್ಷ ಭಾರತಕ್ಕೆ ಬಂದ ಪೀಸ್ ಕೋರ್ ಯುವಕರು 1976ರವರೆಗೆ ಇಲ್ಲಿದ್ದರು. ಮೈಸೂರು ರಾಜ್ಯದಲ್ಲೂ ಅವರ ತಂಡಗಳು ಕೆಲಸ ಮಾಡಿದವು. ಎರಡು ವರ್ಷ ಇರಬೇಕು, ಸ್ಥಳೀಯ ಭಾಷೆ ಕಲಿಯಬೇಕು ಎಂಬುದು ಅವರ ಕಟ್ಟುಪಾಡು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಬೆಂಜಮಿನ್ ರೈಸ್ 1837ರಲ್ಲಿ ಬೆಂಗಳೂರಿಗೆ ಬಂದಾಗ ಇನ್ನೂ ಇಪ್ಪತ್ತರ ಹರೆಯದವರು. ಕನ್ನಡ ಕಲಿತು, ಕನ್ನಡದಲ್ಲಿ ಬರೆದು, ಐವತ್ತು ವರ್ಷ ಇಲ್ಲೇ ಇದ್ದು 1887ರಲ್ಲಿ ತೀರಿಕೊಂಡರು. ಶಾಸನ ಸಂಶೋಧಕ ಬಿ. ಎಲ್. ರೈಸ್ ಅವರ ಮಗ. ಆ ತಲೆಮಾರಿನವರು ಜೀವಮಾನಕ್ಕೆಂದು ಬರುತ್ತಿದ್ದರು. ಪೀಸ್ ಕೋರ್‌ನವರು ಎರಡು ವರ್ಷಕ್ಕೆಂದು ಬಂದರು. 1990ರ ದಶಕದ ನಂತರ ಪ್ರವಾಸಿ ಕಂಪೆನಿಗಳು ಶುಲ್ಕ ಪಡೆದು ಕಳುಹಿಸತೊಡಗಿದ ಯುವಜನರು ಎರಡು ವಾರಕ್ಕೆ ಬಂದು ಹೋಗುತ್ತಾರೆ. ಅವರಿಗೆ ಧರ್ಮ ಬದಲಿಸುವ ಉದ್ದೇಶವಿಲ್ಲ. ಆದರೆ ಮಗುವಿನ ಭಾಷೆ ಕಲಿಯುವಷ್ಟು ಸಮಯವೂ ಇಲ್ಲ.

ಎರಡು ವಾರದ ಅಕ್ಕ

ಬಂದವರ ಮನಸ್ಸು ಒಳ್ಳೆಯದೇ. ಮಕ್ಕಳನ್ನು ಎತ್ತಿ ಆಡಿಸುತ್ತಾರೆ, ಇಂಗ್ಲಿಷ್ ಹೇಳಿಕೊಡುತ್ತಾರೆ, ಗೋಡೆಗೆ ಬಣ್ಣ ಬಳಿಯುತ್ತಾರೆ. ಮಗು 'ಅಕ್ಕ, ಅಕ್ಕ' ಎಂದು ಹಿಂದೆ ಸುತ್ತುತ್ತದೆ. ಹದಿನೈದು ದಿನಕ್ಕೆ ಅಕ್ಕ ಹೊರಟುಹೋಗುತ್ತಾಳೆ. ಮರುವಾರ ಇನ್ನೊಬ್ಬ ಅಕ್ಕ ಬರುತ್ತಾಳೆ. ಹೆತ್ತವರಿಂದ ಒಮ್ಮೆ ಬೇರಾದ ಮಗುವಿಗೆ ಹೀಗೆ ಮತ್ತೆ ಮತ್ತೆ ಅಗಲಿಕೆಯಾಗುವುದು ಹಿತವಲ್ಲ ಎಂಬುದು ಮಕ್ಕಳ ಮನೋವಿಜ್ಞಾನಿಗಳ ಅಭಿಪ್ರಾಯ. ರುಮೇನಿಯಾದ ಬುಕಾರೆಸ್ಟ್ ನಗರದಲ್ಲಿ 2000ದಲ್ಲಿ ಆರಂಭವಾದ ಅಧ್ಯಯನವೊಂದು 136 ಮಕ್ಕಳನ್ನು ವರ್ಷಾನುಗಟ್ಟಲೆ ಗಮನಿಸಿತು. ಸಂಸ್ಥೆಯಲ್ಲೇ ಉಳಿದವರಿಗಿಂತ ಸಾಕು ಕುಟುಂಬಗಳಿಗೆ ಹೋದ ಮಕ್ಕಳ ಬುದ್ಧಿ ಬೆಳವಣಿಗೆಯೂ ಒಡನಾಟದ ಗುಣವೂ ಉತ್ತಮವಾಗಿದ್ದವು. ಬೇಗ ಮನೆ ಸೇರಿದಷ್ಟೂ ಲಾಭ ಹೆಚ್ಚಿತ್ತು.

ಇನ್ನೊಂದು ಅಪಾಯ ಹಣದ್ದು. ವಿದೇಶಿಯರು ಅನಾಥಾಲಯ ನೋಡಲು ಹಣ ಕೊಡುತ್ತಾರೆ ಎಂದಾದಾಗ ಅನಾಥಾಲಯಕ್ಕೆ ಮಕ್ಕಳು ಬೇಕಾಗುತ್ತಾರೆ. ಕಾಂಬೋಡಿಯದಲ್ಲಿ 2005ರಿಂದ 2010ರ ನಡುವೆ ಅನಾಥಾಲಯಗಳ ಸಂಖ್ಯೆ ಶೇಕಡ 75ರಷ್ಟು ಏರಿತು. ಅಲ್ಲಿದ್ದ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ತಂದೆ ಅಥವಾ ತಾಯಿ ಬದುಕಿದ್ದರು. ಓದು, ಊಟ ಸಿಗುತ್ತದೆಂದು ನಂಬಿ ಬಡ ಪೋಷಕರು ಮಕ್ಕಳನ್ನು ಕಳುಹಿಸಿದ್ದರು. ನೇಪಾಳದಿಂದಲೂ ಇಂತಹ ದೂರುಗಳು ಬಂದವು. ಆಸ್ಟ್ರೇಲಿಯಾದಲ್ಲಿ ಆಧುನಿಕ ಗುಲಾಮಗಿರಿ ಕುರಿತ 2018ರ ಕಾನೂನಿಗೆ ಮುನ್ನ ನಡೆದ ಸಂಸದೀಯ ವಿಚಾರಣೆಯಲ್ಲಿ ಅನಾಥಾಲಯಗಳಿಗಾಗಿ ಮಕ್ಕಳ ಸಾಗಣೆಯ ವಿಷಯ ಚರ್ಚೆಯಾಯಿತು. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ನಿರ್ಣಯ ಅನಾಥಾಲಯ ಪ್ರವಾಸದಿಂದ ಆಗುವ ಹಾನಿಯತ್ತ ಬೊಟ್ಟು ಮಾಡಿತು. 1877ರ ಗಂಜಿ ಮನೆಯ ಮುಂದೆ ಕಾಣಿಸಿಕೊಂಡ ಗೊಂದಲವೇ ಬೇರೆ ವೇಷದಲ್ಲಿ ತಿರುಗಿ ಬಂದಂತಾಗಿದೆ. ಬಡವರ ಮಗುವನ್ನು ಅನಾಥ ಎಂದು ಕರೆದರೆ ಸಹಾಯ ಸಿಗುತ್ತದೆ, ಅದರ ತಾಯಿಗೆ ಮಾತ್ರ ಸಿಗುವುದಿಲ್ಲ.

ಈಗಿನ ಕಾನೂನು

2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಗೂ, ಇಡೀ ದೇಶಕ್ಕೂ ಇಂದು ಅನ್ವಯಿಸುವುದು 2015ರ ಬಾಲನ್ಯಾಯ ಕಾಯ್ದೆ. ಮಗುವನ್ನು ಸಂಸ್ಥೆಯಲ್ಲಿ ಇಡುವುದು ಕೊನೆಯ ಉಪಾಯ ಎಂಬುದು ಅದರ ಮೂಲ ತತ್ತ್ವಗಳಲ್ಲಿ ಒಂದು. ಒಂಟಿ ಮಗು ಕಂಡುಬಂದರೆ 24 ಗಂಟೆಯೊಳಗೆ ಪೊಲೀಸರಿಗೆ, ಮಕ್ಕಳ ಸಹಾಯವಾಣಿಗೆ ಅಥವಾ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಯಾವ ಸಂಸ್ಥೆಯೂ ನೋಂದಣಿಯಿಲ್ಲದೆ ಮಕ್ಕಳನ್ನು ಇಟ್ಟುಕೊಳ್ಳುವಂತಿಲ್ಲ. ಇಟ್ಟುಕೊಂಡರೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ ಅಥವಾ ಎರಡೂ ಆಗಬಹುದು. ರಕ್ಷಣೆಯಲ್ಲಿರುವ ಮಗುವಿನ ಹೆಸರು, ಚಿತ್ರ ಪ್ರಕಟಿಸುವುದೂ ಅಪರಾಧ. ಅನಾಥಾಲಯದಲ್ಲಿ ಹುಟ್ಟುಹಬ್ಬ ಆಚರಿಸಿ ಮಕ್ಕಳೊಡನೆ ತೆಗೆಸಿಕೊಂಡ ಫೋಟೊ ಎಲ್ಲರಿಗೂ ಹಂಚುವ ಸ್ಥಳೀಯರೂ ಇದನ್ನು ನೆನಪಿಡಬೇಕು. ಕಾನೂನು ವಿದೇಶಿಯರಿಗೊಂದು, ಊರಿನವರಿಗೊಂದು ಎಂದಿಲ್ಲ.

ಮಗುವನ್ನು ಮನೆಯಲ್ಲೇ ಉಳಿಸುವ ದಾರಿಗಳೂ ಇವೆ. ಕೇಂದ್ರದ 'ಮಿಷನ್ ವಾತ್ಸಲ್ಯ' ಯೋಜನೆಯ 2022ರ ಮಾರ್ಗಸೂಚಿಯಂತೆ, ಅರ್ಹ ಮಗುವನ್ನು ತಾಯಿ ಅಥವಾ ಬಂಧುಗಳೇ ಸಾಕಲು ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ನೆರವು ದೊರೆಯುತ್ತದೆ. ಕೋವಿಡ್ ಪಿಡುಗಿನಲ್ಲಿ ತಂದೆ ತಾಯಿಯನ್ನು ಕಳೆದುಕೊಂಡ ಮಕ್ಕಳಿಗೆ ಕರ್ನಾಟಕ ಸರಕಾರ 2021ರಲ್ಲಿ 'ಬಾಲ ಸೇವಾ' ಯೋಜನೆಯಡಿ ತಿಂಗಳಿಗೆ 3,500 ರೂಪಾಯಿ ಘೋಷಿಸಿತು. ಮಕ್ಕಳ ಸಹಾಯವಾಣಿ ಸಂಖ್ಯೆ 1098. ಸೇವೆ ಮಾಡಬೇಕೆಂಬ ಹಂಬಲವಿರುವ ಯುವಕರು ಇಂತಹ ನೆರವಿನ ಅರ್ಜಿ ತುಂಬಲು ಒಬ್ಬ ವಿಧವೆ ತಾಯಿಗೆ ಸಹಾಯ ಮಾಡಿದರೂ ಅದು ದೊಡ್ಡ ಸೇವೆ. ಅದಕ್ಕೆ ವಿಮಾನದ ಟಿಕೇಟು ಬೇಕಿಲ್ಲ.

ಧಾತು ಈಶ್ವರದ ಬರದಲ್ಲಿ ಉಳಿದ ಮಕ್ಕಳು ಬೆಳೆದು ಬಡಗಿಗಳು, ಉಪಾಧ್ಯಾಯರು, ದಾದಿಯರು, ಪ್ರಚಾರಕರು ಆದರು. ಅವರ ಮೊಮ್ಮಕ್ಕಳು, ಮರಿಮಕ್ಕಳು ಈ ಸೀಮೆಯಲ್ಲೇ ಬಾಳುತ್ತಿದ್ದಾರೆ. ಯಾರೂ ಕೈಹಿಡಿಯದ ಹೊತ್ತಿನಲ್ಲಿ ದೂರದೇಶದ ಹೆಣ್ಣೊಬ್ಬಳು ಕೈಹಿಡಿದಳು ಎಂಬುದು ಅವರ ಮನೆತನಗಳ ಚರಿತ್ರೆಯ ಮೊದಲ ಪುಟ. ಅದರ ಹಿಂದಿನ ಪುಟಗಳಲ್ಲಿ ಇದ್ದ ಊರು, ಅಜ್ಜಿ, ಸೋದರಮಾವ ಯಾರೆಂಬುದು ಯಾವ ದಾಖಲೆಯಲ್ಲೂ ಸಿಗುವುದಿಲ್ಲ. ಮಗುವನ್ನು ಉಳಿಸುವಾಗ ಆ ಪುಟಗಳನ್ನೂ ಉಳಿಸಲು ಸಾಧ್ಯವೆ ಎಂದು ಮೊದಲು ನೋಡುವುದನ್ನು ಇಂದಿನ ಕಾನೂನು ಕಡ್ಡಾಯ ಮಾಡಿದೆ. ಅದನ್ನು ಪಾಲಿಸುವ ಹೊಣೆ ಊರಿನವರ ಮೇಲೂ ಇದೆ, ಪರದೇಶದಿಂದ ಬರುವವರ ಮೇಲೂ ಇದೆ.